ಜರಡಿಯ ಕಣ್ಣು

ತೊಳೆದ ಜರಡಿಯನ್ನು ಅಕ್ಕ ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚಿನಲ್ಲೊಂದು ಸೀಳು ಕಂಡಿತು. ಉಗುರು ತಾಗಿಸಿದಳು. ಉಗುರು ಆಚೆಗೆ ತೂರಿತು. ಜಾಲರಿಯ ತಂತಿಯೊಂದು ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಮುರಿದುಹೋಗಿತ್ತು. ನಿನ್ನೆ ಸಂಜೆ ಹೀಗೇ ಬೆಳಕಿಗೆ ಹಿಡಿದಿದ್ದಳು. ಆಗ ಕಣ್ಣುಗಳೆಲ್ಲ ನೆಟ್ಟಗಿದ್ದವು. ಇವತ್ತಿನ ಮೈದಾವನ್ನು ಇದರಲ್ಲೇ ಜರಡಿ ಹಿಡಿದು, ನಾದಿ, ಬ್ರೆಡ್ಡು ಬೇಯಿಸಿ, ಮಾರಿಯೂ ಆಗಿತ್ತು.

ಅಕ್ಕ ಹಿಟ್ಟಿನ ಡಬ್ಬ ಬೋರಲು ಹಾಕಿದಳು, ನೆಲ ಗುಡಿಸಿದಳು, ಮೋರಿಯ ಬಾಯಿಗೆ ಕೈ ಹಾಕಿ ತಡಕಿದಳು. ಏನೂ ಸಿಗಲಿಲ್ಲ. ಗಲ್ಲಾದ ಹಿಂದೆ ಕೂತಿದ್ದ ತಮ್ಮನ ಮುಂದೆ ಜರಡಿ ಹಿಡಿದಳು.

"ತಂತಿ ಬ್ರೆಡ್ಡೊಳಗೆ ಹೋಗಿದೆ ಕಣೋ."

"ತೊಳೆಯೋವಾಗ ಮೋರಿಗೆ ಹೋಗಿರುತ್ತೆ ಬಿಡಕ್ಕಾ."

"ಹೋಗಿರದಿದ್ರೆ?"

ತಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮನೆಮನೆಗೆ ಹೋಗಿ ಹೇಳಿದ್ರೆ ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡ ಹಾಗೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಾಳೆಯಿಂದ ನಮ್ಮಂಗಡಿಗೆ ಒಂದು ನೊಣಾನೂ ಬರಲ್ಲ."

"ನೊಣ ಬರದಿದ್ರೆ ಒಳ್ಳೇದೇ ಆಯ್ತು" ಎಂದು ಅಕ್ಕ ಹಿಟ್ಟಿನ ಕೈಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮೊದಲು ಓಡಿದ್ದು ನರ್ಸಮ್ಮನ ಮನೆಗೆ. ಅವಳ ಮಗುವಿಗೆ ಹಲ್ಲು ಬರುತ್ತಿತ್ತು. ದಿನಾ ಬೆಳಿಗ್ಗೆ ಅದರ ಕೈಗೆ ಬ್ರೆಡ್ಡಿನ ಅಂಚು ಕೊಟ್ಟು ಕೂರಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಮಗು ಚಾಪೆಯ ಮೇಲೆ ಕೂತು ಜೊಲ್ಲು ಸುರಿಸುತ್ತ ಅಗಿಯುತ್ತಿತ್ತು. ಅಕ್ಕ ಹೇಳದೆ ಕೇಳದೆ ಒಳನುಗ್ಗಿ ಅದರ ಬಾಯಿಗೆ ಬೆರಳು ಹಾಕಿದಳು. ಮಗು ಕಚ್ಚಿತು, ಆಮೇಲೆ ಕಿಟಾರನೆ ಕಿರುಚಿತು. ಅಡುಗೆಮನೆಯಿಂದ ನರ್ಸಮ್ಮ ಓಡಿಬಂದಳು.

"ಏನ್ ಮಾಡ್ತಿದೀರಿ ನನ್ನ ಮಗೂಗೆ?"

ಅಕ್ಕನಿಗೆ ಜರಡಿ, ತಂತಿ, ಬ್ರೆಡ್ಡು ಎಂದಷ್ಟೇ ಹೇಳಲು ಸಾಧ್ಯವಾಯಿತು. ನರ್ಸಮ್ಮನಿಗೆ ಅಷ್ಟು ಸಾಕಾಯಿತು. ಮಗುವನ್ನು ಕಿಟಕಿಯ ಹತ್ತಿರ ಒಯ್ದು, ಬಾಯಿ ಅಗಲಿಸಿ, ಒಸಡು, ನಾಲಿಗೆ, ಗಂಟಲು ನೋಡಿದಳು.

"ಏನೂ ಇಲ್ಲ" ಎಂದಳು ನರ್ಸಮ್ಮ ಕೊನೆಗೆ. ಆಮೇಲೆ ಬೈಯುವುದಕ್ಕೆ ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಸುಮ್ಮನಾದಳು. ಮಗುವನ್ನು ಸೊಂಟಕ್ಕೇರಿಸಿ, "ಆ ಕಡೆ ಸಾಲು ನೀವು ನೋಡಿ, ಈ ಕಡೆ ನಾನು ಹೋಗ್ತೀನಿ" ಎಂದಳು.

ಮೂಲೆಮನೆಯ ಮೇಷ್ಟ್ರು ಆಗಲೇ ಎರಡು ಚೂರು ತಿಂದು ಮುಗಿಸಿದ್ದರು. ವಿಷಯ ಕೇಳಿ ಗಂಟಲು ಸವರಿಕೊಂಡರು. "ಇಷ್ಟು ಹೊತ್ತೂ ಏನೂ ಇರಲಿಲ್ಲ ಕಣಮ್ಮಾ. ನೀನು ಹೇಳಿದ ಮೇಲೆ ಚುಚ್ಚೋಕೆ ಶುರುವಾಯ್ತು ನೋಡು" ಎಂದು, ಉಳಿದ ಬ್ರೆಡ್ಡನ್ನು ಎದೆಗವಚಿಕೊಂಡು ಅಂಗಡಿಗೆ ಹೊರಟರು.

ಸ್ವಲ್ಪ ಹೊತ್ತಿಗೆ ಬ್ರೆಡ್ಡು ಹಿಡಿದು ಬಂದವರಿಂದ ಅಂಗಡಿ ತುಂಬಿಹೋಯಿತು. ತಮ್ಮನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು; ಆದರೂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಟ್ಟ. ಬಂದವರೆಲ್ಲ ಸುತ್ತ ನಿಂತು, ಒಂದೊಂದೇ ಬ್ರೆಡ್ಡನ್ನು ಬೆರಳಲ್ಲಿ ಪುಡಿಮಾಡುತ್ತ ಹುಡುಕತೊಡಗಿದರು. ನೆಂಟರ ಮನೆಗೆ ಬಂದು ಜಗಳವಾಡಿ ಕೂತವರಂತೆ ಎಲ್ಲರ ಕಣ್ಣೂ ಕೆಳಗೇ.

"ಸಿಕ್ತು!" ಮೇಷ್ಟ್ರು ಕೂಗಿದರು. ಅವರ ಬೆರಳ ತುದಿಯಲ್ಲಿ ಸಣ್ಣ ತಂತಿ ಹೊಳೆಯಿತು.

ಅಂಗಡಿಯೇ ಉಸಿರು ಬಿಟ್ಟ ಹಾಗಾಯಿತು. ಯಾರೋ ನಕ್ಕರು. ಮೇಷ್ಟ್ರ ಗಂಟಲು ಆ ಕ್ಷಣವೇ ವಾಸಿಯಾಯಿತು. ತಮ್ಮನಿಗೆ ಹೋದ ಜೀವ ಬಂತು. "ನಮ್ಮಕ್ಕನಂಥೋರು ಎಲ್ಲಿ ಸಿಗ್ತಾರೆ ಹೇಳಿ! ಇನ್ನೇನು ಭಯ ಇಲ್ಲ, ಆರಾಮಾಗಿ ತಿನ್ನಿ" ಎನ್ನುತ್ತ, ಇನ್ನೂ ಮುರಿಯದೆ ಉಳಿದಿದ್ದ ಬ್ರೆಡ್ಡುಗಳನ್ನು ಅವನೇ ಕತ್ತರಿಸಿ ಅವರವರ ಕೈಗಿಟ್ಟ. ಗಾಬರಿ ಇಳಿದ ಮೇಲೆ ಹಸಿವು ಏರಿತ್ತು. ಎಲ್ಲರೂ ತಿನ್ನುತ್ತಲೇ, ಹರಟುತ್ತಲೇ ಬೀದಿಗಿಳಿದರು. ನರ್ಸಮ್ಮನ ಮಗುವಿನ ಕೈಗೂ ಮತ್ತೆ ಒಂದು ಅಂಚು ಬಂತು.

ಅಕ್ಕ ಮಾತ್ರ ಹಿಂದಿನ ಕೋಣೆಯಲ್ಲಿ ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಂತಿಯನ್ನು ಸೀಳಿನ ಮೇಲೆ ಮಲಗಿಸಿದಳು. ಸರಿಯಾಗಿ ಕೂರಲಿಲ್ಲ. ತೆಗೆದು, ಒರೆಸಿ, ಒಂದು ತುದಿಗೆ ಒತ್ತಿ ಇನ್ನೊಮ್ಮೆ ಇಟ್ಟಳು. ತಂತಿ ಸೀಳಿನ ಅರ್ಧಕ್ಕೇ ಮುಗಿದಿತ್ತು.

"ತಮ್ಮಾ" ಎಂದಳು. ಏನೋ ತಮಾಷೆ ಹೇಳುತ್ತ ಒಳಬಂದ ತಮ್ಮ ಅವಳ ತೊಡೆಯತ್ತ ಬಗ್ಗಿ ನೋಡಿದ. ತಂತಿ ನೋಡಿದ, ಸೀಳು ನೋಡಿದ. ಅಕ್ಕ ಏಳುವುದರೊಳಗೆ ಅವನು ಮೇಜಿಗೆ ಎಡವಿ, ಗಲ್ಲಾ ಹಾರಿ, ನಡುಬೀದಿಯಲ್ಲಿದ್ದ.

"ಉಗೀರಿ! ಎಲ್ರೂ ಉಗೀರಿ! ನಮ್ಮ ಬ್ರೆಡ್ಡು ಯಾರೂ ನುಂಗಬೇಡಿ!"

ಬೀದಿಯ ಉದ್ದಕ್ಕೂ ಅಗಿಯುತ್ತಿದ್ದ ಬಾಯಿಗಳೆಲ್ಲ ಒಮ್ಮೆಲೇ ನಿಂತವು.