ಎದುರು ಬಸ್ಸಿನ ಲೆಕ್ಕ

"ಗಾಡಿ ಹತ್ತೇ, ಆ ಬಸ್ ಹಿಡೀಬೇಕು!" ತೀರ್ಥೇಶ ಚಿಕ್ಕಪ್ಪ ಸ್ಕೂಟರ್ ಚಾಲೂ ಮಾಡಿದರು. ದೀಪಶ್ರೀಯ ಹಾಲ್ ಟಿಕೆಟ್ ಅವಳು ಇಳಿದ ಸಾಗರದ ಬಸ್ಸಿನಲ್ಲೇ ಉಳಿದಿತ್ತು; ಬಸ್ಸು ಆಗಲೇ ನಾಲ್ಕು ಕಿಲೋಮೀಟರ್ ದಾಟಿತ್ತು. ಇಲ್ಲಿ ತೀರ್ಥಹಳ್ಳಿಯಲ್ಲಿ, ಎದುರಿಗೇ ಇದ್ದ ಭೌತಶಾಸ್ತ್ರ ಪರೀಕ್ಷೆಯ ಗೇಟು ಮುಚ್ಚಲು ನಲವತ್ತೇ ನಿಮಿಷ.

"ಇರಿ ಚಿಕ್ಕಪ್ಪ!" ಅವಳು ಅಂಗೈಯ ಮೇಲೆ ಪೆನ್ನಿನಲ್ಲಿ ಲೆಕ್ಕ ಗೀಚಿದಳು. ಬಸ್ಸಿನ ವೇಗ ನಲವತ್ತು, ಸ್ಕೂಟರಿನದು ಐವತ್ತು. ಒಂದೇ ದಿಕ್ಕಾದರೆ ಕಳೆಯಬೇಕು, ಉಳಿಯುವುದು ಹತ್ತು. ಹಿಡಿದು ಮರಳುವಷ್ಟರಲ್ಲಿ ನಲವತ್ತೆಂಟು ನಿಮಿಷ!

ಅವಳು ಫೋನ್ ಮಾಡಿದಾಗ ಆ ಬಸ್ಸಿನ ಪರಿಚಯದ ಕಂಡಕ್ಟರ್ ರವೀಶ್ ಕೂಗಿದ: "ನಿಲ್ಸಿದ್ರೆ ಟೈಮಿಂಗ್ ತಪ್ಪತ್ತೆ ಕಣಮ್ಮ. ನಮ್ಮಿಂದ ಇಪ್ಪತ್ತು ಕಿಲೋಮೀಟರ್ ಮುಂದೆ ಎದುರು ಬಸ್ ಬರ್ತಿದೆ, ಹಾಲ್ ಟಿಕೆಟ್ಟನ್ನ ಪಾರ್ಸೆಲ್ ತರ ಅದಕ್ಕೆ ದಾಟಿಸ್ಲಾ?"

ಆ ಬಸ್ಸಿನದೂ ನಲವತ್ತೇ; ಎದುರುಬದುರಾದರೆ ವೇಗ ಕೂಡಬೇಕು: ಎಂಬತ್ತು. ಹದಿನೈದು ನಿಮಿಷಕ್ಕೆ ಭೇಟಿ, ಅಲ್ಲಿಂದ ಹದಿನಾಲ್ಕು ಕಿಲೋಮೀಟರ್, ಮತ್ತೆ ಇಪ್ಪತ್ತೊಂದು ನಿಮಿಷಕ್ಕೆ ಇಲ್ಲಿ. "ದಾಟಿಸಿ ಅಣ್ಣಾ!"

ಮೂವತ್ತೈದನೇ ನಿಮಿಷಕ್ಕೂ ರಸ್ತೆ ಖಾಲಿ. ಮೂವತ್ತಾರಕ್ಕೆ ತಿರುವಿನಲ್ಲಿ ಹಾರ್ನ್ ಮೊಳಗಿತು! ಹಾಲ್ ಟಿಕೆಟ್ ಕಸಿದು ಓಡುತ್ತಿದ್ದವಳನ್ನು ಚಿಕ್ಕಪ್ಪ ತಡೆದು ನಿಲ್ಲಿಸಿದರು. "ಕೈ ತೊಳ್ಕೊಂಡು ಹೋಗೇ ಮಾರಾಯ್ತಿ, ಕಾಪಿ ಅಂತ ಹೊರಗೆ ಹಾಕ್ತಾರೆ!"