ಜೋಲಿಯ ಅಡಿಗೊಂದು ರಜಾಯಿ

ಮೂರನೆಯ ಬೆಳಗ್ಗೆಯೂ ಟೀಚರ್ ಕಾಲ್ಬೆರಳುಗಳು ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕಂಬಕ್ಕೂ ಬಟ್ಟೆ ಒಣಹಾಕುವ ಕಂಬಕ್ಕೂ ನಡುವೆ ಕಟ್ಟಿದ ಜೋಲಿಯಿಂದ ಕಾಲು ಇಳಿಬಿಟ್ಟುಕೊಂಡು ಆಕೆ ಮೂರು ಜೊತೆ ಕಾಲುಚೀಲಗಳನ್ನು ಒಂದೊಂದಾಗಿ ಎಳೆದು ತೆಗೆದರು. ಗಂಡ ಚಹಾದ ಲೋಟ ಹಿಡಿದು ಎದುರಿಗೆ ನಿಂತಿದ್ದರು.

"ಎಷ್ಟು ಹೊತ್ತು ನಿದ್ದೆ ಬಂತು?"

"ಒಂದೂವರೆ ಗಂಟೆ. ಆಮೇಲೆ ಎರಡೂ ಕಾಲು ಐಸಾಗ್ಬಿಟ್ವು."

"ಹನ್ನೊಂದು ಡಿಗ್ರಿಗೇ ಹೀಗಾದ್ರೆ ಅಲ್ಲೇನು ಮಾಡ್ತೀಯ? ಅಲ್ಲಿ ಆರಕ್ಕೆ ಇಳಿಯುತ್ತಂತೆ. ನೀನು ಹಕ್ಕಿ ಎಣಿಸೋದಿರಲಿ, ಹಕ್ಕಿಗಳೇ ಬಂದು ನಿನ್ನ ಬೆರಳು ಎಣಿಸ್ತಾವೆ."

ಟೀಚರ್ ನಗಲಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಆಕೆ, ಬೆಟ್ಟದ ಮೇಲಿನ ಕೆರೆಯಲ್ಲಿ ಹದಿನೈದು ದಿನ ನಡೆಯುವ ಹಕ್ಕಿ ಗಣತಿಗೆ ಆಯ್ಕೆಯಾಗಿದ್ದರು. ಇನ್ನೂರಕ್ಕೂ ಹೆಚ್ಚು ಅರ್ಜಿಗಳಲ್ಲಿ ಆರಿಸಿದ್ದು ಹನ್ನೆರಡು. ಕೆರೆಯ ಸುತ್ತ ನೆಲವೆಲ್ಲ ಜೌಗು, ಆದ್ದರಿಂದ ಎಲ್ಲರೂ ಮರಕ್ಕೆ ಕಟ್ಟಿದ ಜೋಲಿಯಲ್ಲೇ ಮಲಗಬೇಕು. ಶಿಬಿರದ ಮುಖ್ಯಸ್ಥೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: ಮೊದಲು ಮನೆಯಲ್ಲೇ ಬಯಲಲ್ಲಿ ಮಲಗಿ ನೋಡಿ, ನಿದ್ದೆ ಬಾರದಿದ್ದರೆ ಬರಬೇಡಿ, ಶನಿವಾರ ಬೆಳಗ್ಗೆ ಎಂಟರೊಳಗೆ ತಿಳಿಸದಿದ್ದರೆ ನಿಮ್ಮ ಜಾಗ ಮುಂದಿನವರಿಗೆ. ಇವತ್ತು ಶುಕ್ರವಾರ.

"ನೀವು ಕೊಟ್ಟ ರಜಾಯಿದೇನೂ ತಪ್ಪಿಲ್ಲ ಬಿಡಿ," ಎಂದರು ಟೀಚರ್, ಬೆರಳುಗಳನ್ನು ತಿಕ್ಕಿಕೊಳ್ಳುತ್ತ. "ನನ್ನ ಕಾಲಿಗೇ ವಯಸ್ಸಾಯ್ತು. ಸಂಜೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ."

ರಜಾಯಿಯನ್ನು ಬೈದಿದ್ದರೆ ಗಂಡನ ಬಳಿ ಉತ್ತರ ಸಿದ್ಧವಿತ್ತು. ಆಕೆ ಬೈದದ್ದು ತನ್ನ ಕಾಲನ್ನು. ಕೆಳಗಿನ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹತ್ತಿ ತುಂಬಿದ ರಜಾಯಿ ಹೊಲಿಯುತ್ತಿದ್ದ ಅವರು, ಇದ್ದುದರಲ್ಲೇ ದಪ್ಪನೆಯದನ್ನು ಹೆಂಡತಿಗೆ ಕೊಟ್ಟಿದ್ದರು. ಆಕೆ ಅದನ್ನು ಜೋಲಿಯೊಳಗೆ ಹಾಸಿಕೊಂಡು ಮಲಗಿದ್ದನ್ನು ಮೊದಲ ಸಂಜೆಯೇ ನೋಡಿದ್ದರು. ಹಿಮ್ಮಡಿಯ ಭಾರಕ್ಕೆ ಹತ್ತಿ ಕಾಗದದಷ್ಟು ತೆಳ್ಳಗಾಗಿತ್ತು. ಒಳಗೆ ಗಾಳಿ ನಿಲ್ಲದ ಹತ್ತಿ ಬೆಚ್ಚಗಿಡುವುದಿಲ್ಲ, ಜೋಲಿಯ ಅಡಿಯಲ್ಲಿ ಬೀಸುವ ಗಾಳಿ ಇದ್ದ ಶಾಖವನ್ನೂ ಹೊತ್ತೊಯ್ಯುತ್ತದೆ. ರಜಾಯಿಯ ಮೇಲೆ ಟ್ರಂಕು ಇಡಬೇಡಿ, ಹತ್ತಿ ಸತ್ತುಹೋಗುತ್ತೆ ಎಂದು ಬಂದ ಗಿರಾಕಿಗೆಲ್ಲ ಹೇಳುವ ಮನುಷ್ಯ, ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹದಿನೈದು ದಿನ ಆ ಮನೆಯಲ್ಲಿ ಒಬ್ಬರೇ ಇರುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ.

"ಕಾಲಿಗೇನೂ ಆಗಿಲ್ಲ ಕಣೇ," ಎಂದರು ಕೊನೆಗೆ. "ರಜಾಯಿ ಇರಬೇಕಾದ ಕಡೆ ಇಲ್ಲ. ಅದು ಜೋಲಿ ಒಳಗಲ್ಲ, ಹೊರಗಿರಬೇಕು. ಅಡಿಯಲ್ಲಿ ತೂಗುಹಾಕ್ಬೇಕು, ನಿನ್ನ ಭಾರ ಬೀಳದ ಹಾಗೆ. ಇನ್ನು ಮೂರು ಜೊತೆ ಕಾಲುಚೀಲ ಬಿಗಿದ್ರೆ ರಕ್ತ ಹೇಗೆ ಓಡುತ್ತೆ? ಒಂದು ಸಾಕು, ಅದೂ ಸಡಿಲವಾಗಿ."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮಂಗಳವಾರ ಸಂಜೆ."

ಟೀಚರ್ ತಲೆಯೆತ್ತಿದರು. "ಅಂದ್ರೆ ಮೂರು ರಾತ್ರಿ ನಾನಿಲ್ಲಿ ಗಡಗಡ ನಡುಗ್ತಿದ್ರೆ ನೀವು ಕೆಳಗೆ ಗೊರಕೆ ಹೊಡೀತಿದ್ರಿ!"

"ನಿದ್ದೆ ಬಂದ್ರೆ ತಾನೇ ಗೊರಕೆ?"

ಆಕೆ ಆರಿಹೋಗಿದ್ದ ಚಹಾವನ್ನು ಗಂಡನ ಕೈಯಿಂದ ತೆಗೆದುಕೊಂಡು, "ಕತ್ತಲಾಗೋದ್ರೊಳಗೆ ಹೊಲಿದುಕೊಡಿ. ಇಲ್ಲಾಂದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ," ಎಂದರು.

ಅಂದು ಅಂಗಡಿಯ ಬಾಗಿಲು ಅರ್ಧವೇ ತೆರೆಯಿತು. ಅವರು ರಜಾಯಿಯನ್ನು ಕತ್ತರಿಸಿ, ಮೊಣಕಾಲಿನಿಂದ ಪಾದದವರೆಗೆ ಸಾಲುವಷ್ಟು ತುಂಡನ್ನು ದೋಣಿಯ ಆಕಾರಕ್ಕೆ ತಂದರು. ಹತ್ತಿ ಒಂದೇ ಕಡೆ ಜಾರದಂತೆ ಮೂರು ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿದರು. ಪಾದದ ತುದಿಯನ್ನು ಚೀಲದ ಹಾಗೆ ಮುಚ್ಚಿ, ನಾಲ್ಕು ಮೂಲೆಗೂ ದಾರ ಸೇರಿಸಿದರು. ಸಂಜೆ ಟೀಚರ್ ಜೋಲಿ ಹತ್ತಿದ ಮೇಲೆ ಅದನ್ನು ಅಡಿಯಲ್ಲಿ ಕಟ್ಟಿ, ಅಂಗೈ ತೂರಿಸಿ ನೋಡಿದರು. ಹತ್ತಿ ಅದುಮಿಹೋಗಿರಲಿಲ್ಲ, ನಡುವೆ ಸಂದಿಯೂ ಇರಲಿಲ್ಲ.

ಶನಿವಾರ ಬೆಳಗ್ಗೆ ಏಳೂ ಮುಕ್ಕಾಲಿಗೆ ಅವರು ಮೇಲೆ ಬಂದಾಗ ಹಗ್ಗದ ಮೇಲೆಲ್ಲ ಇಬ್ಬನಿ ಕೂತಿತ್ತು. ಟೀಚರ್ ಎದ್ದಿರಲಿಲ್ಲ. ಗಂಡ ಹೊದಿಕೆಯ ಅಂಚು ಸರಿಸಿ, ಒಂದು ಕಾಲುಚೀಲ ಜಾರಿಸಿ ಪಾದ ಮುಟ್ಟಿದರು. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬೆಚ್ಚಗಿತ್ತು. ಬೆರಳುಗಳಲ್ಲಿ ರಕ್ತದ ಕೆಂಪಿತ್ತು.

"ಏಳೇ," ಎಂದು ಭುಜ ಅಲುಗಿಸಿದರು. ಆಕೆ ಏನೋ ಗೊಣಗಿ ಮಗ್ಗುಲಾದರು. ಇನ್ನೊಮ್ಮೆ ಕರೆದರು. ಮೂರು ರಾತ್ರಿಯ ಬಾಕಿ ನಿದ್ದೆ, ಆಕೆ ಅಲುಗಲಿಲ್ಲ.

ಎಂಟಕ್ಕೆ ಏಳು ನಿಮಿಷವಿತ್ತು. ಸದ್ದಿಲ್ಲದೆ ಮೆಟ್ಟಿಲಿಳಿದು ಅಂಗಡಿ ತೆರೆದಿದ್ದರೆ ಸಾಕಿತ್ತು, ಆಕೆಯ ಜಾಗ ಮುಂದಿನವರ ಪಾಲಾಗುತ್ತಿತ್ತು. ಕರೆದೆ, ಏಳಲಿಲ್ಲ ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಅವರು ಟ್ಯಾಂಕಿನ ಕಟ್ಟೆಯ ಮೇಲಿದ್ದ ಆಕೆಯ ಮೊಬೈಲನ್ನು ಒಮ್ಮೆ ಮುಟ್ಟಿ ಕೈ ಹಿಂದೆಗೆದರು. ಮತ್ತೆ ಎತ್ತಿಕೊಂಡು ತಾರಸಿಯ ಆ ಕೊನೆಗೆ ನಡೆದು ಶಿಬಿರದ ಮುಖ್ಯಸ್ಥೆಗೆ ಫೋನ್ ಮಾಡಿದರು.

"ಮೇಡಂ, ನಿಮ್ಮ ಪಟ್ಟೀಲಿ ಒಬ್ರು ವಿಜ್ಞಾನದ ಟೀಚರ್ ಇದ್ದಾರಲ್ಲ, ಅವರು ಬರ್ತಾರೆ."

"ಅದನ್ನ ಅವರೇ ಹೇಳ್ಬೇಕು. ಬಯಲಲ್ಲಿ ನಿದ್ದೆ ಬರುತ್ತಾ ಅಂತ ಕೇಳ್ಬೇಕು ನಾನು. ಫೋನ್ ಅವರಿಗೆ ಕೊಡಿ."

"ಅದೇ ಕಷ್ಟ ಆಗಿದೆ ಮೇಡಂ," ಎಂದರು ಅವರು, ತಿರುಗಿ ಜೋಲಿಯ ಕಡೆ ನೋಡುತ್ತ. "ಎಷ್ಟು ಕೂಗಿದ್ರೂ ಏಳ್ತಿಲ್ಲ."