ಎಂಟು ಇಂಚು

ಎತ್ತರದ ಪಂಪ್ ಬಾಡಿಗಳು ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ನಿನ ಕಟರಿನ ಕೆಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ವರ್ಕ್‌ಶಾಪಿನ ಸಾವಕಾರರು ಅದರ ಕಂಬಕ್ಕೂ ಕಟರ್ ಹೊತ್ತ ತಲೆಗೂ ನಡುವೆ ಕೂರಿಸಲು ಎಂಟು ಇಂಚಿನ ಬೀಡುಕಬ್ಬಿಣದ ರೈಸರ್ ಬ್ಲಾಕ್ ತರಿಸಿದ್ದರು. ಆ ಆನೆಭಾರದ ತಲೆಯನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಬ್ಲಾಕಿನ ಮೇಲೆ ಇಳಿಸುವಷ್ಟರಲ್ಲಿ ಕಲ್ಲಪ್ಪನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಹತ್ತೊಂಬತ್ತು ವರ್ಷ ಅದೇ ಮಷಿನ್ನಿನ ಮುಂದೆ ನಿಂತವನು ಅವನು. ಆಳು ಮಾತ್ರ ಗಿಡ್ಡ.

ಮೇಲಿನ ಹಿಡಿಕೆಗೆ ಕೈ ಚಾಚಿ ನೋಡಿದ. ಎಟುಕಲಿಲ್ಲ.

ಸಾವಕಾರರು ಟೇಪು ತಂದು ನೆಲದಿಂದ ಅವನ ಬೆರಳ ತುದಿಯವರೆಗೆ ಅಳೆದರು. "ಸಾಲೂದಿಲ್ಲಲೋ."

"ಹಂಗಾರ ನಾಳಿಂದ ಇಲ್ಲಿ ಯಾರು ನಿಲ್ಲತಾರ್ರೀ?"

"ಅದನ್ನ ನನಗ ಬಿಡು. ನೀ ಬೋಲ್ಟ್ ಬಿಗಿ ಮಾಡಿ ಮನಿಗೆ ಹೋಗು."

ಹೊರಗೆ ಅವರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಮುಂಜಾನೆ ಎಂಟಕ್ಕ ನೀ ಇಲ್ಲಿರಬೇಕು ನೋಡಪಾ."

ತನ್ನ ಜಾಗಕ್ಕೆ ಎತ್ತರದವನೊಬ್ಬ ಬರುತ್ತಾನೆಂದು ಕಲ್ಲಪ್ಪನಿಗೆ ಖಾತ್ರಿಯಾಯಿತು. ತಲೆಯ ಮುಂಭಾಗದ ಎರಡು ಬೋಲ್ಟುಗಳನ್ನು ಬಿಗಿದ. ತಲೆ ಮುಂದಕ್ಕೆ ಬೀಳದಂತೆ ಹಿಡಿಯುವ ಹಿಂದಿನ ಎರಡನ್ನು ಬೆರಳಿನಿಂದಲೇ ಒಂದು ಸುತ್ತು ತಿರುಗಿಸಿ ಬಿಟ್ಟು, ಸಡಿಲಿದ್ದುದು ಕಾಣದಂತೆ ಮೇಲೆ ಗ್ರೀಸ್ ಬಳಿದ. ಮಷಿನ್ ಒಮ್ಮೆ ಜೋರಾಗಿ ಅದುರಿದರೆ ಸಾಕು.

"ಬರಲಿ, ಬರವನು," ಎಂದುಕೊಂಡು ಮನೆಗೆ ನಡೆದ.

ಮರುದಿನ ಒಂಬತ್ತಕ್ಕೆ ಅವನು ಬಾಗಿಲಿಗೆ ಬಂದಾಗ ಮಷಿನ್ನಿನ ಮುಂದೆ ಹೊಸ ಕಟ್ಟಿಗೆಯ ಕಟ್ಟೆಯೊಂದು ಇತ್ತು. ಪಕ್ಕದಲ್ಲಿ, ಎಂಟಕ್ಕೇ ಬಂದಿದ್ದ ಬಡಗಿ ಉಳಿ ಒರೆಸುತ್ತಿದ್ದ. ಕಟ್ಟೆ ಅಲುಗಾಡುತ್ತದೆಯೋ ಎಂದು ನೋಡಲು ಸಾವಕಾರರೇ ಅದರ ಮೇಲೆ ಹತ್ತಿ, ಮಷಿನ್ನಿನ ತಲೆಯ ಕೆಳಗೆ ಬಾಗಿ, ಪಂಪ್ ಬಾಡಿಗೆ ಕಟರ್ ಹಚ್ಚಿ ನಿಂತಿದ್ದರು.

"ಬಾರೋ ಕಲ್ಲಪ್ಪಾ, ನಿನ್ನ ಅಳತಿಗೇ ಮಾಡಿಸೇನಿ," ಎಂದು ನಕ್ಕು, ಅವರು ಹಸಿರು ಗುಂಡಿ ಒತ್ತಿದರು.